ಮಾಡಿಫೈ ಮಾಡಿದ ಟರ್ಬೊ ಕಾರು: ಆಯಿಲ್ ಸೋರುತ್ತಿದೆ, ಒಂದು ಸಿಲಿಂಡರಿನ ಕಂಪ್ರೆಶನ್ ಕಡಿಮೆ. ಇಂಜಿನ್ ಬಿಚ್ಚಿಸಲೇಬೇಕಾ?

ಶಿವಮೊಗ್ಗ ವಿಆರ್‌ಎಸ್:
ನನ್ನದು 2006ರ ಆಕ್ಟೇವಿಯಾ ವಿಆರ್‌ಎಸ್, 1.8 ಟರ್ಬೊ ಪೆಟ್ರೋಲ್. ರೀಮ್ಯಾಪ್ (ಪವರ್ ಹೆಚ್ಚಿಸಲು ಇಂಜಿನ್ ಕಂಪ್ಯೂಟರಿನ ಪ್ರೋಗ್ರಾಮ್ ಬದಲಾವಣೆ), 3 ಇಂಚಿನ ಡೌನ್‌ಪೈಪ್ (ಟರ್ಬೊದಿಂದ ಹೊರಡುವ ಎಕ್ಸಾಸ್ಟ್ ಪೈಪ್), ದೊಡ್ಡ ಇಂಟರ್‌ಕೂಲರ್ ಇದೆ. ಓಡಿರುವುದು 1,32,000 ಕಿ.ಮೀ. ಆಗುಂಬೆ ಘಾಟಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದರೆ ನೀಲಿ ಹೊಗೆ. ಸಾವಿರ ಕಿ.ಮೀ.ಗೆ ಮುಕ್ಕಾಲು ಲೀಟರ್ ಆಯಿಲ್ ಕುಡಿಯುತ್ತಿದೆ. ಇಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಕಡೆ ತೊಟ್ಟಿಕ್ಕುತ್ತದೆ. ಕಂಪ್ರೆಶನ್ (ಪಿಸ್ಟನ್ ಮೇಲೇರಿದಾಗ ಸಿಲಿಂಡರಿನಲ್ಲಿ ಏಳುವ ಒತ್ತಡ) 148, 150, 112, 146 ಪಿಎಸ್‌ಐ. ಹಿಂದಿನ ಕ್ರ್ಯಾಂಕ್ ಸೀಲ್ (ಗೇರ್‌ಬಾಕ್ಸ್ ಕಡೆ ಇಂಜಿನ್ ಶಾಫ್ಟ್ ಸುತ್ತ ಆಯಿಲ್ ತಡೆಯುವ ಸೀಲ್) ಹೋಗಿದೆ, ಪಿಸ್ಟನ್ ರಿಂಗೂ ಹೋಗಿದೆ, ಇಂಜಿನ್ ಇಳಿಸಿ ಬೋರ್ ಮಾಡಿಸಿ (ಸಿಲಿಂಡರ್ ಒಳಗೋಡೆ ಕೊರೆಸಿ) ಅಂತ ಗ್ಯಾರೇಜಿನವರು 1,60,000 ಹೇಳಿದ್ದಾರೆ. ಅನುಭವ ಇರುವವರು ದಯವಿಟ್ಟು ಹೇಳಿ.

ಮಂಗಳೂರು ಟಿ-ಜೆಟ್:
ಬಿಚ್ಚಿಸಿ. ಯೋಚನೆಯೇ ಬೇಡ. ನನ್ನದು 2011ರ ಲಿನಿಯಾ ಟಿ-ಜೆಟ್. ನಾಲ್ಕನೇ ಸಿಲಿಂಡರ್ 90ಕ್ಕೆ ಇಳಿದಿತ್ತು. ಎಲ್ಲರೂ ಒಂದೊಂದು ಸಲಹೆ ಕೊಟ್ಟರು. ಆ ಆಯಿಲ್ ಹಾಕಿ, ಈ ಅಡಿಟಿವ್ ಹಾಕಿ, ಇನ್ನೊಂದು ವರ್ಷ ಓಡಿಸಿ. ನಾನು ಯಾರ ಮಾತೂ ಕೇಳಲಿಲ್ಲ. ಬಿಚ್ಚಿದಾಗ ಪಿಸ್ಟನ್‌ನಲ್ಲಿ ಎರಡು ರಿಂಗುಗಳ ನಡುವಿನ ಅಂಚೇ ಒಡೆದಿತ್ತು. ಮ್ಯಾಪ್ ಬರೆದವರು 95 ಆಕ್ಟೇನ್ ಲೆಕ್ಕದಲ್ಲಿ ಬರೆದಿದ್ದರು. ಆಗ ನಮ್ಮ ಕಡೆ ಬಂಕಿನಲ್ಲಿ ಸಿಗುತ್ತಿದ್ದ ಮಾಮೂಲಿ ಪೆಟ್ರೋಲ್ 91. ಬೂಸ್ಟ್ (ಟರ್ಬೊ ತಳ್ಳುವ ಗಾಳಿಯ ಒತ್ತಡ) ಏರಿದಾಗಲೆಲ್ಲ ನಾಕ್ (ಪೆಟ್ರೋಲ್ ಹದ ತಪ್ಪಿ ಸಿಡಿಯುವುದು) ಆಗಿ ಆಗಿ ಒಡೆದಿದೆ. ಅಷ್ಟು ಹೊತ್ತಿಗೆ ಆ ಟ್ಯೂನರ್ ಫೋನ್ ಎತ್ತುವುದನ್ನೇ ಬಿಟ್ಟಿದ್ದರು.

ಖರ್ಚು ಬರೆದಿಟ್ಟಿದ್ದೇನೆ. ಫೋರ್ಜ್ಡ್ ಪಿಸ್ಟನ್ ನಾಲ್ಕು, ರಿಂಗ್ ಸಮೇತ 68,000. ಕಸ್ಟಮ್ಸ್ ಮತ್ತು ಕೊರಿಯರ್ 19,400. ಬೇರಿಂಗ್ ಸೆಟ್ 7,800. ಬೈಕಂಪಾಡಿಯಲ್ಲಿ ಬೋರಿಂಗ್, ಹಾನಿಂಗ್ 9,500. ಹೆಡ್ (ಸಿಲಿಂಡರುಗಳ ಮೇಲಿನ, ವಾಲ್ವ್ ಇರುವ ಭಾಗ) ಫೇಸಿಂಗ್ 2,200. ಗ್ಯಾಸ್ಕೆಟ್ ಸೆಟ್ 13,000. ಬೆಲ್ಟ್, ವಾಟರ್ ಪಂಪ್ 11,600. ಲೇಬರ್ 28,000. ರನ್ನಿಂಗ್ ಇನ್ ಆಯಿಲ್ ಬೇರೆ, ಆಮೇಲಿನ ಆಯಿಲ್ ಬೇರೆ. ಈಗ ನಾಲ್ಕೂ ಸಿಲಿಂಡರ್ 170ರ ಮೇಲೆ. ಶಿರಾಡಿ ಘಾಟಿಯಲ್ಲಿ ಮೂರನೇ ಗೇರಿನಲ್ಲೇ ಎಳೆದುಕೊಂಡು ಹೋಗುತ್ತದೆ. ಒಂದು ಹನಿ ಆಯಿಲ್ ಕಡಿಮೆಯಾಗುವುದಿಲ್ಲ. ನಿಮ್ಮ 148 ಕೂಡ ಒಳ್ಳೆಯ ನಂಬರ್ ಅಲ್ಲ. ನಾಲ್ಕೂ ಸವೆದಿವೆ.

ಬೆಂಗಳೂರು 1.8ಟಿ:
ಈ ಮಂಗಳೂರಿನವರ ಮಾತು ಕೇಳಿ ಇಂಜಿನ್ ಇಳಿಸಬೇಡಿ. ಅವರು ಸಮುದ್ರದ ಪಕ್ಕ ಕೂತು 170 ಅನ್ನುತ್ತಿದ್ದಾರೆ. ಬೆಂಗಳೂರು 900 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಹತ್ತರಲ್ಲಿ ಒಂದು ಪಾಲು ಕಡಿಮೆ. ಅದೇ ಇಂಜಿನ್ ಇಲ್ಲಿಗೆ ತಂದರೆ 150ರ ಆಸುಪಾಸು ತೋರಿಸುತ್ತದೆ. ಶಿವಮೊಗ್ಗ ಎರಡರ ನಡುವೆ ಇದೆ. ಜಾಗ ನೋಡದೆ ನಂಬರ್ ಹೋಲಿಸಬಾರದು.

ನನ್ನದೂ ಇದೇ ಇಂಜಿನ್. ನನಗೂ ಬೋರ್ ಮಾಡಿಸಿ ಅಂದಿದ್ದರು, 1,85,000 ಕೇಳಿದ್ದರು. ಇಂಜಿನ್ ತಣ್ಣಗಿದ್ದಾಗ, ಥ್ರಾಟಲ್ (ಇಂಜಿನ್‌ಗೆ ಗಾಳಿ ಬಿಡುವ ಬಾಗಿಲು) ಮುಚ್ಚಿಕೊಂಡೇ ಟೆಸ್ಟ್ ಮಾಡಿದ್ದರು. ಒಂದೊಂದೇ ಪ್ಲಗ್ ಬಿಚ್ಚಿದ್ದರು. ಬ್ಯಾಟರಿ ಅರ್ಧ ಸತ್ತಿತ್ತು. ಇಂಜಿನ್ ಬಿಸಿಯಿರಬೇಕು, ನಾಲ್ಕೂ ಪ್ಲಗ್ ಹೊರಗಿರಬೇಕು, ಫ್ಯೂಯಲ್ ಪಂಪ್ ಫ್ಯೂಸ್ ತೆಗೆದಿರಬೇಕು, ಥ್ರಾಟಲ್ ಪೂರ್ತಿ ತೆರೆದಿರಬೇಕು. ಹಾಗೆ ಮಾಡಿಸಿದಾಗ ನಾಲ್ಕೂ 145 ದಾಟಿದವು.

ನನ್ನ ಆಯಿಲ್ ಸೋರಿಕೆಗೆ ಕಾರಣ ಪಿಸಿವಿ, ಅಂದರೆ ಇಂಜಿನ್ ಒಳಗೆ ಸೇರುವ ಆವಿಯನ್ನು ಇಂಟೇಕಿಗೆ ಎಳೆದುಕೊಳ್ಳುವ ವ್ಯವಸ್ಥೆ. ಇಂಟೇಕ್ ಮ್ಯಾನಿಫೋಲ್ಡ್ ಕೆಳಗಿನ ರಬ್ಬರ್ ಹೋಸುಗಳು ಬಿಸಿಗೆ ಬೆಂದು ಮೆತ್ತಗಾಗಿದ್ದವು. ಅಲ್ಲಿನ ಚೆಕ್ ವಾಲ್ವ್ (ಗಾಳಿಯನ್ನು ಒಂದೇ ಕಡೆಗೆ ಬಿಡುವ ವಾಲ್ವ್) ಒಳಗೇ ಮುರಿದಿತ್ತು. ಬೂಸ್ಟ್ ಏರಿದರೆ ಆ ಗಾಳಿ ನೇರ ಕ್ರ್ಯಾಂಕ್‌ಕೇಸಿಗೆ (ಇಂಜಿನ್ನಿನ ಕೆಳಗಿನ ಪೆಟ್ಟಿಗೆಗೆ) ನುಗ್ಗುತ್ತಿತ್ತು. ಒಳಗೆ ಅಷ್ಟು ಒತ್ತಡ ಇದ್ದರೆ ಯಾವ ಸೀಲ್ ತಾನೇ ತಡೆಯುತ್ತದೆ? ಡಿಪ್‌ಸ್ಟಿಕ್ಕೇ ಮೇಲೆ ಎದ್ದು ಬರುತ್ತಿತ್ತು. ಹೋಸ್ ಸೆಟ್ 8,900, ಚೆಕ್ ವಾಲ್ವ್ 1,450, ಕೈಕೂಲಿ 3,500. ಅಷ್ಟೇ. ಸೋರಿಕೆ ನಿಂತಿತು.

ಮಂಗಳೂರು ಟಿ-ಜೆಟ್:
ಅವರಿಗೆ ಬಂದಿರುವುದು 148ರ ಪಕ್ಕ 112. ಮೂರನೇ ಸಿಲಿಂಡರ್ ಮಾತ್ರ ಬೇರೆ ಎತ್ತರದಲ್ಲಿದೆಯಾ? ನಿಮಗೆ ಹೋಸಿನಲ್ಲಿ ಮುಗಿಯಿತು, ಸಂತೋಷ. ಎಲ್ಲರಿಗೂ ಹೋಸ್ ಬದಲಾಯಿಸಿ ಅಂತ ಹೇಳುವುದು ಸರಿಯಲ್ಲ. ಹಾಗೆ ಕೇಳಿಕೊಂಡು ಓಡಿಸಿದ್ದರೆ ನನ್ನ ಬ್ಲಾಕೇ ಹೋಗುತ್ತಿತ್ತು.

ಹುಬ್ಬಳ್ಳಿ ವಿಆರ್‌ಎಸ್:
ಇಬ್ಬರೂ ಸ್ವಲ್ಪ ತಡೀರಿ. ದುಡ್ಡು ಸುರಿದು ಬಿಚ್ಚಿಸಿ, ಆಮೇಲೂ ಸೋರುವ ಕಾರು ಇಟ್ಟುಕೊಂಡವನು ನಾನು. ಹಿಂದಿನ ಕ್ರ್ಯಾಂಕ್ ಸೀಲ್ ಅಂತ ಹೇಳಿ ಗೇರ್‌ಬಾಕ್ಸ್ ಇಳಿಸಿದರು. ಸೀಲ್ 3,800, ಲೇಬರ್ 9,000. ಹೇಗೂ ಬಿಚ್ಚಿದೆ ಅಂತ ಕ್ಲಚ್ ಸೆಟ್ 24,500. ವಾರದಲ್ಲಿ ಮತ್ತೆ ಅದೇ ಜಾಗದಲ್ಲಿ ಎಣ್ಣೆ. ಈ ಸಲ ಇಂಜಿನ್ನೇ ಇಳಿಸಿದರು. ರಿಂಗ್, ಬೇರಿಂಗ್, ಹಾನಿಂಗ್ ಎಲ್ಲ ಸೇರಿ 1,12,000. ಮತ್ತೆ ಸೋರಿತು.

ಕೊನೆಗೆ ಬೆಳಗಾವಿಯ ಒಬ್ಬರು ಹಿರಿಯ ಮೇಸ್ತ್ರಿ ಇಂಜಿನ್ ಪೂರ್ತಿ ತೊಳೆದು, ಒಣಗಿಸಿ, ಆಯಿಲ್‌ಗೆ ಯುವಿ ಡೈ ಹಾಕಿ ಓಡಿಸಿ ತರಲು ಹೇಳಿದರು. ಡೈ ಬಾಟಲಿ 600 ರೂಪಾಯಿ. ಕತ್ತಲಲ್ಲಿ ಲೈಟ್ ಹಿಡಿದರೆ ಹೊಳೆಯುವ ಗೆರೆ ಮೇಲಿಂದ ಇಳಿದಿದೆ. ಸೋರುತ್ತಿದ್ದದ್ದು ಹೆಡ್ಡಿನ ತುದಿಯಲ್ಲಿರುವ ಕ್ಯಾಮ್ ಚೈನ್ ಟೆನ್ಶನರ್ ಗ್ಯಾಸ್ಕೆಟ್ ಮತ್ತು ಅರ್ಧಚಂದ್ರ ಆಕಾರದ ಸೀಲ್. ಈ ಇಂಜಿನ್‌ನಲ್ಲಿ ಆ ಚೈನ್ ಗೇರ್‌ಬಾಕ್ಸ್ ಕಡೆಗೇ ಇದೆ. ಎಣ್ಣೆ ಅಲ್ಲಿಂದ ಇಳಿದು ಗೇರ್‌ಬಾಕ್ಸ್ ಸೇರುವ ಕಡೆ ನಿಲ್ಲುತ್ತದೆ. ಕೆಳಗಿನಿಂದ ನೋಡಿದವರಿಗೆ ಕ್ರ್ಯಾಂಕ್ ಸೀಲ್ ಹೋದ ಹಾಗೇ ಕಾಣುತ್ತದೆ. ಗ್ಯಾಸ್ಕೆಟ್ 1,900 ರೂಪಾಯಿ. 1,900!

ಮೊದಲಿನ ಗ್ಯಾರೇಜಿನವರನ್ನು ಕೇಳಿದರೆ ಮಾಡಿಫೈ ಮಾಡಿದ ಗಾಡಿಗೆ ನಾವು ಗ್ಯಾರಂಟಿ ಕೊಡೋದಿಲ್ಲ ಅಂದರು. ಹಾನಿಂಗ್ ಬಿಲ್ ಕೂಡ ಕೊಡಲಿಲ್ಲ. ಟರ್ಬೊ ಇಂಜಿನ್‌ಗೆ ರಿಂಗ್ ಗ್ಯಾಪ್ ಎಷ್ಟು ಬಿಟ್ಟಿರಿ ಅಂತ ಕೇಳಿದ್ದಕ್ಕೆ ಉತ್ತರವೇ ಇಲ್ಲ. ಬೂಸ್ಟ್ ಜಾಸ್ತಿ ಇದ್ದರೆ ಗ್ಯಾಪ್ ಸ್ವಲ್ಪ ಜಾಸ್ತಿ ಬಿಡಬೇಕು. ಇಲ್ಲದಿದ್ದರೆ ಬಿಸಿಗೆ ರಿಂಗಿನ ತುದಿಗಳು ಒಂದಕ್ಕೊಂದು ಒತ್ತಿ ಬೋರ್ ಗೀರುತ್ತವೆ. ಮೆಕ್ಯಾನಿಕ್‌ಗಳಿಗೆ ಇದು ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳಲು ಇಷ್ಟವೂ ಇಲ್ಲ.

ಶಿವಮೊಗ್ಗ ವಿಆರ್‌ಎಸ್:
ಎಲ್ಲರಿಗೂ ಧನ್ಯವಾದ. ಇಂಜಿನ್ ಬಿಸಿ ಮಾಡಿ, ಥ್ರಾಟಲ್ ಪೂರ್ತಿ ತೆರೆದು ಮತ್ತೆ ಟೆಸ್ಟ್ ಮಾಡಿಸಿದೆ. 150, 152, 114, 149. ಮೂರನೇ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ನೋಡಿದರೆ 118. ಇದರ ಅರ್ಥ ಏನು?

ಮಡಿಕೇರಿ ಜಿಟಿ:
ಯಾರೂ ಕ್ಯಾಚ್ ಕ್ಯಾನ್ (ಪಿಸಿವಿ ಆವಿಯಲ್ಲಿನ ಎಣ್ಣೆ, ನೀರು ಹಿಡಿದಿಡುವ ಡಬ್ಬಿ) ಬಗ್ಗೆ ಮಾತಾಡುತ್ತಿಲ್ಲ ಯಾಕೆ? ನನ್ನ ಪೋಲೊ ಜಿಟಿ ಟಿಎಸ್‌ಐಗೆ ಹಾಕಿಸಿದ ಮೇಲೆ ನೆಮ್ಮದಿ. ಕ್ಯಾನ್ 6,200, ಹೋಸ್ ಕ್ಲ್ಯಾಂಪ್ 1,100. ಅದಕ್ಕೂ ಮೊದಲು ಇಂಟೇಕ್ ವಾಲ್ವ್‌ಗಳ ಮೇಲೆ ಮಸಿ ಕಟ್ಟಿ, ಅದನ್ನು ಕ್ಲೀನ್ ಮಾಡಿಸಲು 14,000 ಕೊಟ್ಟಿದ್ದೆ. ಇಲ್ಲಿನ ಮಳೆಗಾಲದಲ್ಲಿ ಆ ಕ್ಯಾನ್ ಎಷ್ಟು ಬೇಗ ತುಂಬುತ್ತದೆ ಗೊತ್ತಾ? ಹಾಲು ಬೆರೆಸಿದ ಕಾಫಿ ಬಣ್ಣದ ನೀರು.

ಮೈಸೂರು ಬಲೆನೊ ಆರ್‌ಎಸ್:
ನಿಮ್ಮದು ಡೈರೆಕ್ಟ್ ಇಂಜೆಕ್ಷನ್. ಪೆಟ್ರೋಲ್ ನೇರ ಸಿಲಿಂಡರಿಗೆ ಬೀಳುತ್ತದೆ, ವಾಲ್ವ್ ಹಿಂಭಾಗ ತೊಳೆಯುವವರಿಲ್ಲ, ಮಸಿ ಕಟ್ಟುತ್ತದೆ. ಅವರ 1.8ರಲ್ಲಿ ಇಂಜೆಕ್ಟರ್ ಪೋರ್ಟ್‌ನಲ್ಲಿದೆ. ಅಲ್ಲಿ ಆ ತೊಂದರೆ ಇಲ್ಲ. ಕ್ಯಾನ್ ಬೇಕೆಂದರೆ ಹಾಕಲಿ, ಆದರೆ ಬ್ರೀದರ್ (ಆ ಆವಿ ಬರುವ ಪೈಪ್) ಇಂಟೇಕಿಗೆ ಕೊಡದೆ ಹೊರಗೆ ಬಿಡಲಿ. ನಾನು ಹಾಗೇ ಬಿಟ್ಟಿದ್ದೇನೆ. ಇಂಟೇಕ್ ಕ್ಲೀನ್ ಆಗಿದೆ.

ಮಡಿಕೇರಿ ಜಿಟಿ:
ಹೊರಗೆ ಬಿಟ್ಟರೆ ಒಳಗಿನ ಆವಿಯನ್ನು ಎಳೆಯಲು ಸಕ್ಷನ್ ಎಲ್ಲಿದೆ? ನೀರು, ಪೆಟ್ರೋಲ್ ಎರಡೂ ಆಯಿಲ್‌ನಲ್ಲೇ ಉಳಿಯುತ್ತವೆ. ನಮ್ಮ ಊರಿನ ಚಳಿಯಲ್ಲಿ ಒಂದು ಮಳೆಗಾಲ ಓಡಿಸಿ ನೋಡಿ, ಆಯಿಲ್ ಕ್ಯಾಪ್ ತೆಗೆದರೆ ಬೆಣ್ಣೆ ಕೂತಿರುತ್ತದೆ. ಸಿಗ್ನಲ್‌ನಲ್ಲಿ ನಿಂತರೆ ಎಣ್ಣೆ ವಾಸನೆ ಕ್ಯಾಬಿನ್‌ಗೆ ಬರುತ್ತದೆ. ಹಿಂದೆ ಮಕ್ಕಳು ಕೂತಿರುತ್ತಾರೆ.

ಮೈಸೂರು ಬಲೆನೊ ಆರ್‌ಎಸ್:
ನನ್ನ ಕಾರಿನಲ್ಲಿ ವಾಸನೆ ಬರುವುದಿಲ್ಲ. ನೋಡದೆ ಹೇಳಬೇಡಿ.

ದಾವಣಗೆರೆ ಗ್ಯಾರೇಜ್:
ನಾನು ಮೆಕ್ಯಾನಿಕ್. ಹುಬ್ಬಳ್ಳಿಯವರ ಮಾತು ಓದಿ ಬೇಜಾರಾಯಿತು. ನಿಮಗೆ ಮೋಸ ಮಾಡಿದವರು ಒಂದು ಗ್ಯಾರೇಜಿನವರು. ಎಲ್ಲ ಮೆಕ್ಯಾನಿಕ್‌ಗಳನ್ನೂ ಅದರಲ್ಲಿ ಸೇರಿಸಬೇಡಿ. ಗಾಡಿ ತರುವವರು ಏನು ಮ್ಯಾಪ್ ಇದೆ ಅಂತ ಹೇಳುವುದಿಲ್ಲ, ಬೂಸ್ಟ್ ಎಷ್ಟು ಅಂತ ಹೇಳುವುದಿಲ್ಲ. ಟೆಸ್ಟಿಂಗ್ ಚಾರ್ಜ್ 1,500 ಅಂದರೆ, ನೋಡೋದಕ್ಕೂ ದುಡ್ಡಾ ಅಂತ ಜಗಳ ಮಾಡುತ್ತಾರೆ. ಹೋದ ತಿಂಗಳು ಒಬ್ಬರು ಲೀಕ್‌ಡೌನ್ ಟೆಸ್ಟ್ (ಸಿಲಿಂಡರಿಗೆ ಗಾಳಿ ಬಿಟ್ಟು ಎಲ್ಲಿಂದ ಸೋರುತ್ತದೆ ಅಂತ ನೋಡುವುದು) ಮಾಡಿಸಿಕೊಂಡು, ದುಡ್ಡು ಕೊಡದೆ, ಅದೇ ಚೀಟಿ ತೋರಿಸಿ ಬೇರೆ ಕಡೆ ಕೆಲಸ ಮಾಡಿಸಿದರು. ಆ ಗೇಜಿಗೆ ನಾನು 7,500 ಕೊಟ್ಟಿದ್ದೇನೆ. ಕಂಪ್ರೆಸರ್ ಕರೆಂಟ್ ಬಿಲ್ ಬೇರೆ.

ಶಿವಮೊಗ್ಗದವರೇ, ನೀವು ಕೇಳಿದ್ದನ್ನು ಯಾರೂ ನೋಡಲೇ ಇಲ್ಲ. ಆಯಿಲ್ ಬಿಟ್ಟರೂ 114 ಹೋಗಿ 118 ಅಷ್ಟೇ ಆಗಿದೆ. ರಿಂಗ್ ಸವೆದಿದ್ದರೆ ಚೆನ್ನಾಗಿ ಏರಬೇಕಿತ್ತು. ನನಗೆ ವಾಲ್ವ್ ಮೇಲೇ ಅನುಮಾನ. ಪಕ್ಕದ ಎರಡೂ ಸಿಲಿಂಡರ್ ಸರಿ ಇವೆ, ಹಾಗಾಗಿ ಹೆಡ್ ಗ್ಯಾಸ್ಕೆಟ್ ಅನುಮಾನ ಕಡಿಮೆ. ಘಾಟಿ ಇಳಿಯುವಾಗ ಮ್ಯಾನಿಫೋಲ್ಡ್‌ನಲ್ಲಿ ಸಕ್ಷನ್ ಜಾಸ್ತಿ. ವಾಲ್ವ್ ಸೀಲ್ ಗಟ್ಟಿಯಾಗಿದ್ದರೆ ಗೈಡ್ (ವಾಲ್ವ್ ಓಡಾಡುವ ನಳಿಕೆ) ಮೂಲಕ ಆಯಿಲ್ ಎಳೆದುಕೊಂಡು, ಆಮೇಲೆ ಆಕ್ಸಿಲರೇಟರ್ ಒತ್ತಿದಾಗ ನೀಲಿ ಹೊಗೆ. ನಿಮ್ಮ ಲಕ್ಷಣ ಅದೇ. ಪೂರ್ತಿ ಬೂಸ್ಟ್‌ನಲ್ಲಿ ಎಳೆಯುವಾಗ ಹೊಗೆ ಬರುತ್ತಿದ್ದರೆ ನಾನೂ ಮೊದಲು ರಿಂಗ್ ಅನ್ನುತ್ತಿದ್ದೆ.

ಇನ್ನೊಂದು. ಬ್ಯಾಕ್ ಕಂಪ್ರೆಶನ್ (ಕ್ರ್ಯಾಂಕ್‌ಕೇಸಿನಲ್ಲಿ ಸೇರುವ ಒತ್ತಡ) ಎಷ್ಟಿದೆ ಅಂತ ಯಾರೂ ಕೇಳಲಿಲ್ಲ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಪಾರದರ್ಶಕ ಪೈಪ್ ತೆಗೆದುಕೊಳ್ಳಿ, 40 ರೂಪಾಯಿ. ಒಂದು ತುದಿ ಡಿಪ್‌ಸ್ಟಿಕ್ ನಳಿಕೆಗೆ ಗಾಳಿ ಹೋಗದಂತೆ ಸಿಗಿಸಿ. ಉಳಿದ ಪೈಪನ್ನು ಇಂಗ್ಲಿಷಿನ ಯು ಆಕಾರದಲ್ಲಿ ಹಲಗೆಗೆ ಕಟ್ಟಿ, ಅದರಲ್ಲಿ ನೀರು ತುಂಬಿಸಿ. ಐಡಲ್‌ನಲ್ಲಿ ನೀರು ಇಂಜಿನ್ ಕಡೆಗೆ ಸ್ವಲ್ಪ ಎಳೆದುಕೊಳ್ಳಬೇಕು. ಹೊರಗೆ ತಳ್ಳಿದರೆ ಪಿಸಿವಿ ಕಟ್ಟಿಕೊಂಡಿದೆ ಅಥವಾ ರಿಂಗ್ ಬಿಡುತ್ತಿದೆ. ಒಳಗೆ ಒತ್ತಡ ಇದ್ದರೆ ಟರ್ಬೊದಿಂದ ವಾಪಸ್ ಬರುವ ಆಯಿಲ್ ಇಳಿಯುವುದಿಲ್ಲ. ಆ ಪೈಪಿನಲ್ಲಿ ಬರೀ ಇಳಿಜಾರಿನಿಂದ ಆಯಿಲ್ ಇಳಿಯುವುದು, ಪಂಪ್ ಇಲ್ಲ. ಆಗ ಚೆನ್ನಾಗಿರುವ ಟರ್ಬೊ ಕೂಡ ಹೊಗೆ ಬಿಡುತ್ತದೆ. ಅದನ್ನು ನೋಡದೆ 45,000 ಕೊಟ್ಟು ಟರ್ಬೊ ಬದಲಾಯಿಸಿದ ಗಾಡಿಗಳು ನನ್ನ ಹತ್ತಿರ ಬಂದಿವೆ.

ಬೆಂಗಳೂರು 1.8ಟಿ:
ಅಣ್ಣ, ಕಂಪನಿ ಪುಸ್ತಕದಲ್ಲಿ ಈ ಇಂಜಿನ್‌ಗೆ ಕನಿಷ್ಠ 7 ಬಾರ್, ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ 3 ಬಾರ್ ತನಕ ಸರಿ ಅಂತ ಇದೆ. 114 ಅಂದರೆ 7.9 ಬಾರ್. ವ್ಯತ್ಯಾಸ 2.6. ಪುಸ್ತಕದ ಪ್ರಕಾರ ಇಂಜಿನ್ ಪಾಸ್. ಹೆಡ್ ಕೂಡ ಇಳಿಸುವುದು ಬೇಡ.

ದಾವಣಗೆರೆ ಗ್ಯಾರೇಜ್:
ಪುಸ್ತಕ ಬರೆದದ್ದು ಕಂಪನಿ ಬೂಸ್ಟ್‌ಗೆ. ರೀಮ್ಯಾಪ್ ಆದ ಗಾಡಿಯಲ್ಲಿ ಒಂದೇ ವಾಲ್ವ್ ಬಿಡುತ್ತಿದ್ದರೆ ಅದು ಸುಟ್ಟುಕೊಳ್ಳುತ್ತಾ ಹೋಗುತ್ತದೆ. ಇವತ್ತು 114, ಮುಂದಿನ ವರ್ಷ 60. ಈ ಹೆಡ್ಡಿನಲ್ಲಿ ಸಿಲಿಂಡರಿಗೆ 5 ವಾಲ್ವ್, ಒಟ್ಟು 20. ತಡಮಾಡಿದರೆ ವಾಲ್ವ್ ಕೂರುವ ಸೀಟೂ ಹೋಗುತ್ತದೆ.

ಮಂಗಳೂರು ಟಿ-ಜೆಟ್:
ಹೆಡ್ ಇಳಿಸಿದ ಮೇಲೆ ಕೆಳಗಿನದನ್ನು ಹಾಗೇ ಬಿಡುವುದು ಅರ್ಧ ಕೆಲಸ. ವಾಲ್ವ್ ಸರಿಮಾಡಿದ ಮೇಲೆ ಹಳೇ ರಿಂಗ್‌ಗಳ ಮೇಲೆ ಭಾರ ಬಿದ್ದು ಆಯಿಲ್ ಇನ್ನೂ ಜಾಸ್ತಿ ಕುಡಿಯಬಹುದು.

ಮ್ಯೂನಿಕ್ ಕನ್ನಡಿಗ:
ಮೊದಲು ಕಾನೂನು ನೋಡಿ. ಇಲ್ಲಿ ಡೌನ್‌ಪೈಪ್ ಬದಲಾಯಿಸಿದರೆ ಅದಕ್ಕೆ ಒಪ್ಪಿಗೆ ಕಾಗದ ಇರಬೇಕು. ಇಲ್ಲದಿದ್ದರೆ ರಸ್ತೆಗೆ ತರುವ ಹಾಗಿಲ್ಲ. ಊರಲ್ಲೂ ಗಾಡಿಯ ಮಾರ್ಪಾಡಿಗೆ ಮಿತಿ ಹಾಕುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಇನ್ಶೂರೆನ್ಸ್ ಕ್ಲೇಮ್ ಬಂದಾಗ ಗೊತ್ತಾಗುತ್ತದೆ.

ಹುಬ್ಬಳ್ಳಿ ವಿಆರ್‌ಎಸ್:
ಸಾರ್, ಅವರು ಕೇಳಿದ್ದು ಆಯಿಲ್ ಬಗ್ಗೆ. ಕಾಯ್ದೆ ಬಗ್ಗೆ ಬೇರೆ ಕಡೆ ಮಾತಾಡೋಣ. ದಾವಣಗೆರೆ ಅಣ್ಣ, ನಾನು ನಿಮಗೆ ಹೇಳಿದ್ದಲ್ಲ. ಆದರೆ ನನ್ನ ದುಡ್ಡು ಹೋಗಿದ್ದು ನಿಜ. ಆ ಸಿಟ್ಟು ಇಳಿಯುವುದಿಲ್ಲ.

ಶಿವಮೊಗ್ಗ ವಿಆರ್‌ಎಸ್:
ಲೀಕ್‌ಡೌನ್ ಮಾಡಿಸಿದೆ. ಮೂರನೇ ಸಿಲಿಂಡರಿಗೆ ಗಾಳಿ ಬಿಟ್ಟರೆ ಸೈಲೆನ್ಸರ್ ತುದಿಯಲ್ಲಿ ಸುಯ್ ಅಂತ ಸದ್ದು. ಆಯಿಲ್ ಕ್ಯಾಪ್ ಹತ್ತಿರ ಹೆಚ್ಚೇನೂ ಇಲ್ಲ. ರೇಡಿಯೇಟರ್ ಡಬ್ಬಿಯಲ್ಲಿ ಗುಳ್ಳೆ ಇಲ್ಲ. ನೀರಿನ ಪೈಪ್ ಕಟ್ಟಿ ನೋಡಿದೆ. ಐಡಲ್‌ನಲ್ಲಿ ಹೊರಗೇ ತಳ್ಳುತ್ತಿದೆ.

ದಾವಣಗೆರೆ ಗ್ಯಾರೇಜ್:
ಸೈಲೆನ್ಸರಿನಲ್ಲಿ ಸದ್ದು ಬಂದರೆ ಬಿಡುತ್ತಿರುವುದು ಎಕ್ಸಾಸ್ಟ್ ವಾಲ್ವ್. ಮೊದಲು ಪಿಸಿವಿ ಹೋಸ್ ಮತ್ತು ಚೆಕ್ ವಾಲ್ವ್ ಹಾಕಿಸಿ. ಬೆಂಗಳೂರಿನವರು ಹೇಳಿದ್ದು ಅಷ್ಟರ ಮಟ್ಟಿಗೆ ಸರಿ. ಆಮೇಲೆ ಹೆಡ್ ಮಾತ್ರ ಇಳಿಸಿ. 20 ವಾಲ್ವ್ ಸೀಲ್, ಮೂರನೇದರ ಎಕ್ಸಾಸ್ಟ್ ವಾಲ್ವ್ ಎರಡು, ಲ್ಯಾಪಿಂಗ್ (ಸೀಟಿಗೆ ಸರಿಯಾಗಿ ಕೂರುವಂತೆ ವಾಲ್ವ್ ಉಜ್ಜುವುದು), ಹೆಡ್ ಗ್ಯಾಸ್ಕೆಟ್, ಹೊಸ ಹೆಡ್ ಬೋಲ್ಟ್. ಕ್ಯಾಮ್ ಟೆನ್ಶನರ್ ಗ್ಯಾಸ್ಕೆಟ್ಟೂ ಹೊಸದು. ಬೆಲ್ಟ್ ಹೇಗೂ ಬಿಚ್ಚುತ್ತಾರೆ, ಹೊಸದು ಹಾಕಿಸಿ. 55ರಿಂದ 60 ಸಾವಿರದಲ್ಲಿ ಮುಗಿಯಬೇಕು. ಹೆಡ್ ತೆಗೆದಾಗ ಬೋರ್ ಗೋಡೆಗೆ ಉಗುರು ಹಾಕಿ ನೋಡಿ. ಉಗುರು ಸಿಕ್ಕಿಕೊಳ್ಳುವ ಗೀರು ಇದ್ದರೆ ಮಾತ್ರ ಕೆಳಗೆ ಕೈ ಹಾಕಿ. ಕ್ರ್ಯಾಂಕ್ ಸೀಲ್ ಈಗ ಮುಟ್ಟಬೇಡಿ.

ಮಂಗಳೂರು ಟಿ-ಜೆಟ್:
ಹೊರಗೆ ತಳ್ಳುತ್ತಿದೆ ಅಂದರೆ ರಿಂಗೂ ಇರಬಹುದು. ನಾನು ಹೇಳಿದ್ದು ಬದಲಾಗಲಿಲ್ಲ.

ಬೆಂಗಳೂರು 1.8ಟಿ:
ಹೋಸ್ ಹಾಕಿದ ಮೇಲೆ ಮತ್ತೆ ಪೈಪ್ ಕಟ್ಟಿ ನೋಡಲಿ. ಆಗ ಯಾರದು ಸರಿ ಅಂತ ಗೊತ್ತಾಗುತ್ತದೆ. ಹೋಸ್ ಜೆ.ಸಿ. ರಸ್ತೆಯಲ್ಲಿ ಸಿಗುತ್ತದೆ. ಬೇಕಾದರೆ ನಾನೇ ತೆಗೆದು ಬಸ್ಸಿಗೆ ಹಾಕುತ್ತೇನೆ.