ಸಹಾಯ ಬೇಕು: ನೈಟ್ರೇಟ್ ಇಳಿಯುತ್ತಿಲ್ಲ, ಕೆಸರು ತೇಲುತ್ತಿದೆ

ನಮಸ್ಕಾರ. ರಾಯಚೂರು ಕಡೆ ಒಂದು ಎಸ್‌ಟಿಪಿಯಲ್ಲಿ (ಕೊಳಚೆ ನೀರು ಶುದ್ಧೀಕರಣ ಘಟಕ) ಆಪರೇಟರ್ ಆಗಿದ್ದೇನೆ. ಅಮೋನಿಯಾ ಚೆನ್ನಾಗಿ ಇಳಿಯುತ್ತಿದೆ, ನೈಟ್ರೇಟ್ ಮಾತ್ರ ಹಾಗೇ ಉಳಿಯುತ್ತಿದೆ. ಬಿಸಿಲು ಏರಿದಂತೆ ಕ್ಲಾರಿಫೈಯರ್‌ನಲ್ಲಿ (ಕೆಸರು ತಳಕ್ಕೆ ಕೂರಬೇಕಾದ ಟ್ಯಾಂಕ್) ಕಂದು ಕೆಸರು ಹೆಂಟೆ ಹೆಂಟೆಯಾಗಿ ಮೇಲೆ ಬರುತ್ತದೆ. ಕೋಲಿನಿಂದ ತಟ್ಟಿದರೆ ಸಣ್ಣ ಗುಳ್ಳೆ ಬಿಟ್ಟು ಮತ್ತೆ ಮುಳುಗುತ್ತದೆ. ನೈಟ್ರೇಟ್ ಒಡೆಯುವ ಬ್ಯಾಕ್ಟೀರಿಯಾ ಅಲ್ಲಿ ನೈಟ್ರೋಜನ್ ಅನಿಲ ಬಿಡುತ್ತಿವೆ, ಅಲ್ವಾ? ಆ ಕೆಲಸ ಮೊದಲೇ ಮುಗಿಯಬೇಕು. ಅವಕ್ಕೆ ಗಾಳಿ ಇಲ್ಲದ ಜಾಗ ಬೇಕು, ತಿನ್ನಲು ಇಂಗಾಲವೂ ಬೇಕು.

ಏರೇಷನ್ ಟ್ಯಾಂಕಿನ (ಗಾಳಿ ಊದುವ ಟ್ಯಾಂಕ್) ಮೊದಲ ಭಾಗಕ್ಕೆ ಗಾಳಿ ನಿಲ್ಲಿಸಿ, ಬರೀ ಮಿಕ್ಸರ್ ಓಡಿಸಿ, ಹಸಿ ಕೊಳಚೆ ನೀರನ್ನು ಅಲ್ಲಿಗೇ ಬಿಡೋಣ ಅಂತಿದ್ದೇನೆ. ಅದೇ ಟ್ಯಾಂಕಿನ ಕೊನೆಯ ಭಾಗದ ನೈಟ್ರೇಟ್ ಇರುವ ನೀರನ್ನು ಅಲ್ಲಿಗೆ, ಒಳಬರುವ ನೀರಿನ ಎಷ್ಟು ಪಟ್ಟು ವಾಪಸ್ ಪಂಪ್ ಮಾಡಬೇಕು? ಜಾಸ್ತಿಯಾದರೆ ಆಮ್ಲಜನಕವೂ ಜೊತೆಗೆ ಬರುತ್ತದೆ ಅನ್ನೋ ಭಯ. ನಮ್ಮ ನೀರು ಹೋಗುವ ಹಳ್ಳದ ಪಕ್ಕ ಬೋರ್‌ವೆಲ್‌ಗಳಿವೆ, ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ಮಾಡಿ ನೋಡಿದವರು ದಯವಿಟ್ಟು ಬೇಗ ತಿಳಿಸಿ.