ಶಟ್‌ಡೌನ್ ಮಾಡುವ ಮುಂಚೆ ಯುಎಸ್‌ಬಿಗೆ ಸಿಕ್ಕಿಸಿದ್ದನ್ನೆಲ್ಲ ಕೀಳಬೇಕಾ?

ಅಕ್ಷರ_ಡಿಟಿಪಿ

ನಮ್ಮದು ಚಿಕ್ಕ ಡಿಟಿಪಿ, ಜೆರಾಕ್ಸ್ ಅಂಗಡಿ. ಲಗ್ನಪತ್ರಿಕೆ, ಬ್ಯಾನರ್, ಆನ್‌ಲೈನ್ ಅರ್ಜಿ, ಇಂಥ ಕೆಲಸ. ಸಿಪಿಯು ಹಿಂದೆ ಕೀಬೋರ್ಡ್, ಮೌಸ್, ಪ್ರಿಂಟರ್, ಶ್ರೀಲಿಪಿ ಡಾಂಗಲ್ (ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ನಡೆಯಲು ಸಿಕ್ಕಿಸಿರಬೇಕಾದ ಯುಎಸ್‌ಬಿ ಕೀಲಿ), ಹಳೇ ಡಿಸೈನ್‌ಗಳೆಲ್ಲ ಇರುವ 1 ಟಿಬಿ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್, ಎಲ್ಲವೂ ಯಾವಾಗಲೂ ಸಿಕ್ಕಿಸಿಯೇ ಇರುತ್ತವೆ. ರಾತ್ರಿ ಶಟ್‌ಡೌನ್ ಕೊಟ್ಟು ಬಾಗಿಲು ಹಾಕಿ ಹೋಗುತ್ತೇನೆ.

ಮೊನ್ನೆ ಬೆಳಿಗ್ಗೆ ಆನ್ ಮಾಡಿದರೆ ಕಪ್ಪು ಪರದೆ, ಮೇಲೆ ಮೂಲೆಯಲ್ಲಿ ‘ನೋ ಬೂಟಬಲ್ ಡಿವೈಸ್’ ಅಂತ ಒಂದೇ ಸಾಲು. ಎದುರಿಗೆ ಗಿರಾಕಿಗಳು ಬೇರೆ. ಪಕ್ಕದ ಮೊಬೈಲ್ ಅಂಗಡಿ ಹುಡುಗ ಬಂದ, ಹಿಂದಿನ ದಿನ ಯಾರೋ ಮುಂದುಗಡೆ ಪೋರ್ಟ್‌ನಲ್ಲೇ ಬಿಟ್ಟುಹೋಗಿದ್ದ ಪೆನ್‌ಡ್ರೈವ್ ಕಿತ್ತು ಮತ್ತೆ ಆನ್ ಮಾಡಿದ, ವಿಂಡೋಸ್ ಬಂತು. ಹೋಗುವಾಗ, ‘ಅಣ್ಣಾ, ಆಫ್ ಮಾಡೋ ಮುಂಚೆ ಯುಎಸ್‌ಬಿ ಎಲ್ಲಾ ಕೀಳ್ಬೇಕು, ಇಲ್ಲಾಂದ್ರೆ ಡೇಟಾನೂ ಹೋಗುತ್ತೆ, ಪೋರ್ಟೂ ಸುಡುತ್ತೆ’ ಅಂದ. ಇದು ನಿಜಾನಾ? ಇನ್ನೊಂದು, ಕಂಪ್ಯೂಟರ್ ಆಫ್ ಆದಮೇಲೂ ಹಾರ್ಡ್‌ಡಿಸ್ಕಿನ ನೀಲಿ ಲೈಟ್ ಉರಿಯುತ್ತಲೇ ಇರುತ್ತದೆ. ಅದಕ್ಕೇನಾದರೂ ತೊಂದರೆ ಇದೆಯಾ?

ಹಳೇ_ಮದರ್‌ಬೋರ್ಡ್

ಹುಡುಗ ಪೆನ್‌ಡ್ರೈವ್ ಕಿತ್ತಿದ್ದು ಸರಿ, ಕೊಟ್ಟ ಕಾರಣ ತಪ್ಪು. ನಿಮ್ಮ ಡೇಟಾಗೂ ಆ ಕಪ್ಪು ಪರದೆಗೂ ಸಂಬಂಧವೇ ಇಲ್ಲ. ಆನ್ ಆದ ತಕ್ಷಣ ಬಯೋಸ್ (ಮದರ್‌ಬೋರ್ಡ್‌ನಲ್ಲೇ ಇರುವ, ಕಂಪ್ಯೂಟರ್ ಶುರುಮಾಡುವ ಪ್ರೋಗ್ರಾಂ) ವಿಂಡೋಸ್ ಎಲ್ಲಿದೆ ಅಂತ ಒಂದು ಪಟ್ಟಿ ಹಿಡಿದು ಹುಡುಕುತ್ತದೆ. ನಿಮ್ಮ ಬಯೋಸ್‌ನಲ್ಲಿ ಆ ಪಟ್ಟಿಯ ತಲೆಯಲ್ಲಿ ಯುಎಸ್‌ಬಿ ಇದೆ, ಬಹುಶಃ ಯಾರೋ ಪೆನ್‌ಡ್ರೈವ್‌ನಿಂದ ವಿಂಡೋಸ್ ಹಾಕಿಕೊಟ್ಟವರು ಹಾಗೇ ಬಿಟ್ಟಿರುತ್ತಾರೆ. ಪೆನ್‌ಡ್ರೈವ್‌ನಲ್ಲಿ ಇದ್ದದ್ದು ಯಾರದೋ ಬಯೋಡೇಟಾ, ಅದರಿಂದ ಕಂಪ್ಯೂಟರ್ ಹೇಗೆ ಶುರುವಾಗಬೇಕು? ಕೆಲವು ಮದರ್‌ಬೋರ್ಡ್‌ಗಳು ಪಟ್ಟಿಯಲ್ಲಿ ಮುಂದಿನದಕ್ಕೆ ಹೋಗುತ್ತವೆ, ಕೆಲವು ಅಲ್ಲೇ ಮೊಂಡು ಹಿಡಿದು ನಿಲ್ಲುತ್ತವೆ. ಆನ್ ಮಾಡಿದ ಕೂಡಲೇ ಡಿಲೀಟ್ ಅಥವಾ ಎಫ್2 ಒತ್ತುತ್ತಾ ಇರಿ, ಬೂಟ್ ಅನ್ನುವ ಪುಟದಲ್ಲಿ ‘ವಿಂಡೋಸ್ ಬೂಟ್ ಮ್ಯಾನೇಜರ್’ ಅಥವಾ ನಿಮ್ಮ ಒಳಗಿನ ಡಿಸ್ಕನ್ನು ಮೊದಲಿಗೆ ತನ್ನಿ, ಸೇವ್ ಮಾಡಿ ಹೊರಬನ್ನಿ. ಮುಗಿಯಿತು.

ಡೇಟಾ ವಿಷಯ: ಶಟ್‌ಡೌನ್ ಕೊಟ್ಟಾಗ ವಿಂಡೋಸ್ ಪ್ರೋಗ್ರಾಂಗಳನ್ನು ಮುಚ್ಚಿ, ಇನ್ನೂ ಮೆಮೊರಿಯಲ್ಲೇ ಉಳಿದಿದ್ದನ್ನು ಡಿಸ್ಕಿಗೆ ಬರೆದು, ಆಮೇಲೆ ಆಫ್ ಆಗುತ್ತದೆ. ನೀವು ‘ಎಜೆಕ್ಟ್’ ಒತ್ತಿದಾಗ ಒಂದು ಡಿಸ್ಕಿಗೆ ಮಾಡುವ ಕೆಲಸವನ್ನೇ ಇಲ್ಲಿ ಎಲ್ಲಕ್ಕೂ ಮಾಡುತ್ತದೆ ಅಂದುಕೊಳ್ಳಿ. ಹಾಗಾಗಿ ಮುಂಚೆ ಕೀಳುವ ಅಗತ್ಯ ಇಲ್ಲ. ಡೇಟಾ ಹೋಗುವುದು ‘ಶಟಿಂಗ್ ಡೌನ್’ ಅಂತ ಚಕ್ರ ತಿರುಗುತ್ತಿರುವಾಗ ಕಾಯಲಾರದೆ ಯುಪಿಎಸ್ ಆಫ್ ಮಾಡುತ್ತಾರಲ್ಲ, ಅಂಥವರದ್ದು. ಸಿಪಿಯು ಫ್ಯಾನ್ ನಿಂತಮೇಲೆ ಏನು ಬೇಕಾದರೂ ಕೀಳಿ. ಅಂದಹಾಗೆ 2018ರಲ್ಲಿ ಬಂದ ವಿಂಡೋಸ್ 10ರ 1809 ಆವೃತ್ತಿಯಿಂದ ಯುಎಸ್‌ಬಿ ಡಿಸ್ಕುಗಳಿಗೆ ‘ಕ್ವಿಕ್ ರಿಮೂವಲ್’ ತಾನಾಗಿಯೇ ಇರುತ್ತದೆ, ಬರೆಯುವುದನ್ನು ಅದು ಜಾಸ್ತಿ ಹೊತ್ತು ತಡೆಹಿಡಿಯುವುದಿಲ್ಲ. ಕಾಪಿ ನಡೆಯುತ್ತಿರುವಾಗ ಮಾತ್ರ ಕೀಳಬೇಡಿ ಅಷ್ಟೇ.

ಘಟ್ಟದ_ಮೇಲಿನವ

ನಾನು ಆ ಹುಡುಗನ ಪಕ್ಷ. ಕಾರಣ ಬೇರೆ. ನಮ್ಮದು ತೀರ್ಥಹಳ್ಳಿ ಕಡೆ. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆಯಾದರೆ ಗುಡುಗು ಸಿಡಿಲು. ಸಿಡಿಲಿಗೆ ನೀವು ಶಟ್‌ಡೌನ್ ಕೊಟ್ಟಿದ್ದೀರಾ ಇಲ್ಲವಾ ಅನ್ನುವುದು ಲೆಕ್ಕಕ್ಕಿಲ್ಲ, ಪ್ಲಗ್ ಗೋಡೆಯಲ್ಲಿದ್ದರೆ ಸಾಕು, ಇಂಟರ್ನೆಟ್ ತಾಮ್ರದ ತಂತಿಯಲ್ಲಿ ಬರುತ್ತಿದ್ದರೆ ಅದರಲ್ಲೂ ಬರುತ್ತದೆ. ಕಂಪ್ಯೂಟರ್ ಹೋದರೆ ಹೊಸದು ತರಬಹುದು, ಅದಕ್ಕೆ ಅಂಟಿಕೊಂಡೇ ಇದ್ದ ಬ್ಯಾಕಪ್ ಡಿಸ್ಕೂ ಹೋದರೆ ಏನು ಮಾಡುತ್ತೀರಿ? ಇನ್ನು ಫೈಲ್‌ಗಳನ್ನು ಲಾಕ್ ಮಾಡಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಬಂದರಂತೂ ಸಿಕ್ಕಿಸಿದ ಡಿಸ್ಕನ್ನೂ ಸೇರಿಸಿಯೇ ಲಾಕ್ ಮಾಡುತ್ತದೆ. ದಿನಾ ಹತ್ತು ಜನರ ಪೆನ್‌ಡ್ರೈವ್ ಬಂದು ಹೋಗುವ ಅಂಗಡಿ ನಿಮ್ಮದು, ಫೋಲ್ಡರೆಲ್ಲ ಮಾಯವಾಗಿ ಶಾರ್ಟ್‌ಕಟ್ ಮಾತ್ರ ಕಾಣುವ ಆ ವೈರಸ್ ನಿಮಗೇನು ಹೊಸದಲ್ಲ, ಅಲ್ವಾ? ಹಳೇ ಡಿಸೈನ್‌ಗಳ ಒಂದೇ ಒಂದು ಪ್ರತಿ ಆ ಡಿಸ್ಕಿನಲ್ಲಿದೆ ಅಂತಾದರೆ ಮೊದಲು ಇನ್ನೊಂದು ಡಿಸ್ಕ್ ತಗೊಳ್ಳಿ, ಆಮೇಲೆ ಶಟ್‌ಡೌನ್ ಚರ್ಚೆ.

ಐದು_ವೋಲ್ಟ್

ನೀಲಿ ಲೈಟ್ ಬಗ್ಗೆ ಯಾರೂ ಹೇಳಲಿಲ್ಲ. ಡೆಸ್ಕ್‌ಟಾಪ್ ಆಫ್ ಅಂದರೆ ಪೂರ್ತಿ ಆಫ್ ಅಲ್ಲ. ಗೋಡೆಯ ಸ್ವಿಚ್ ಆನ್ ಇದ್ದಷ್ಟು ಹೊತ್ತು ಎಸ್‌ಎಂಪಿಎಸ್ (ಒಳಗಿನ ಪವರ್ ಸಪ್ಲೈ ಡಬ್ಬಿ) ಒಂದು 5 ವೋಲ್ಟ್ ಸ್ಟ್ಯಾಂಡ್‌ಬೈ ಲೈನ್ ಜೀವಂತ ಇಟ್ಟಿರುತ್ತದೆ. ಪವರ್ ಬಟನ್ ಕೆಲಸ ಮಾಡುವುದೇ ಅದರಿಂದ. ಬಹಳ ಮದರ್‌ಬೋರ್ಡ್‌ಗಳು ಅದನ್ನು ಯುಎಸ್‌ಬಿಗೂ ಕೊಡುತ್ತವೆ. ಯುಎಸ್‌ಬಿ 2 ಪೋರ್ಟಿಗೆ 500, ಯುಎಸ್‌ಬಿ 3ಕ್ಕೆ 900 ಮಿಲಿಆಂಪ್ ಮಿತಿ, ಇಷ್ಟರಲ್ಲಿ ಪೋರ್ಟ್ ಸುಡುವುದಿಲ್ಲ. ಬೇಡ ಅನ್ನಿಸಿದರೆ ಬಯೋಸ್‌ನಲ್ಲಿ ಈ ಸ್ಟ್ಯಾಂಡ್‌ಬೈ ಕರೆಂಟ್ ಕಡಿಮೆ ಮಾಡುವ ‘ಇಆರ್‌ಪಿ’ ಅಂತ ಇರುತ್ತದೆ, ಎನೇಬಲ್ ಮಾಡಿ. ಅಥವಾ ಸುಮ್ನೆ ಗೋಡೆಯ ಸ್ವಿಚ್ ಆರಿಸಿ.

ಸ್ವಿಚ್ ಆರಿಸುವ ಮುಂಚೆ ಆ ಡಿಸ್ಕಿನ ಮೇಲೆ ಬೆರಳಿಟ್ಟು ನೋಡಿ. ಸಣ್ಣಗೆ ನಡುಗುತ್ತಿದ್ದರೆ ಒಳಗಿನ ತಟ್ಟೆ ಇನ್ನೂ ತಿರುಗುತ್ತಿದೆ ಅಂತ. ಆಗ ಕರೆಂಟ್ ತೆಗೆದರೆ ‘ಟಕ್’ ಅಂತ ಸದ್ದು ಬರುತ್ತದೆ, ಓದುವ ಹೆಡ್ ತಟ್ಟೆಯ ಮೇಲಿಂದ ತನ್ನ ಜಾಗಕ್ಕೆ ಗಡಿಬಿಡಿಯಲ್ಲಿ ಓಡಿದ ಸದ್ದು ಅದು, ತಿರುಗುತ್ತಿರುವ ತಟ್ಟೆಯಿಂದಲೇ ಅದಕ್ಕೆ ಬೇಕಾದ ಶಕ್ತಿ ಪಡೆಯುತ್ತದೆ. ಎಂದೋ ಒಮ್ಮೆ ಆದರೆ ಏನೂ ಆಗುವುದಿಲ್ಲ. ದಿನಾ ರಾತ್ರಿ ಹಾಗೇ ಮಾಡುವುದು ಡಿಸ್ಕಿಗೆ ಒಳ್ಳೆಯದಲ್ಲ, ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ‘ಸ್ಮಾರ್ಟ್’ ವರದಿಯಲ್ಲಿ ಇಂಥದ್ದನ್ನು ಎಣಿಸಲೆಂದೇ ಒಂದು ಸಾಲು ಇದೆ. ಹಾಗಾಗಿ ತಿರುಗುವ ಹಾರ್ಡ್‌ಡಿಸ್ಕನ್ನು ಮಾತ್ರ ಮೊದಲು ಎಜೆಕ್ಟ್ ಮಾಡಿ, ನಿಂತಮೇಲೆ ತೆಗೆಯಿರಿ.

ಪೆಂಗ್ವಿನ್_ಮಿತ್ರ

‘ಶಟ್‌ಡೌನ್ ಅಂದರೆ ಎಜೆಕ್ಟ್ ಮಾಡಿದ ಹಾಗೆ’ ಅನ್ನುವುದಕ್ಕೆ ಒಂದು ತಕರಾರು. 2012ರಲ್ಲಿ ವಿಂಡೋಸ್ 8 ಜೊತೆ ಕಂಪ್ಯೂಟರ್ ಬೇಗ ಆನ್ ಆಗಲಿ ಅಂತ ಫಾಸ್ಟ್ ಸ್ಟಾರ್ಟಪ್ ಬಂತು. ಅದು ಆನ್ ಇದ್ದರೆ ಶಟ್‌ಡೌನ್ ಕೊಟ್ಟಾಗ ನಿಮ್ಮ ಪ್ರೋಗ್ರಾಂ ಮುಚ್ಚುತ್ತವೆ, ಆದರೆ ವಿಂಡೋಸಿನ ಒಳಗಿನ ಭಾಗ ಮಲಗಿದ ಸ್ಥಿತಿಯಲ್ಲಿ ಕಂಪ್ಯೂಟರಿನ ಒಳಗಿನ ಡಿಸ್ಕಿಗೆ ಸೇವ್ ಆಗುತ್ತದೆ. ಎಕ್ಸ್‌ಟರ್ನಲ್ ಡಿಸ್ಕನ್ನು ಅದೇ ಕಂಪ್ಯೂಟರಿಗೆ ವಾಪಸ್ ಸಿಕ್ಕಿಸುವವರಿಗೆ ಏನೂ ಗೊತ್ತಾಗುವುದಿಲ್ಲ. ಆ ಡಿಸ್ಕನ್ನು ಮನೆಗೆ ಒಯ್ದು, ವಿಂಡೋಸ್ ಬದಲು ಲಿನಕ್ಸ್ ಇರುವ ಕಂಪ್ಯೂಟರಿಗೆ ಹಾಕಿದರೆ ಕೆಲವೊಮ್ಮೆ, ವಿಂಡೋಸ್ ಇನ್ನೂ ಇದನ್ನು ಬಿಟ್ಟಿಲ್ಲ ಅಂತ ಹೇಳಿ ಬರೆಯಲು ಬಿಡುವುದೇ ಇಲ್ಲ. ಶಿಫ್ಟ್ ಹಿಡಿದುಕೊಂಡು ಶಟ್‌ಡೌನ್ ಒತ್ತಿದರೆ ಪೂರ್ತಿ ಶಟ್‌ಡೌನ್ ಆಗುತ್ತದೆ. ರೀಸ್ಟಾರ್ಟ್ ಕೂಡ ಪೂರ್ತಿಯೇ.

ಅಕ್ಷರ_ಡಿಟಿಪಿ

ಎಲ್ಲರಿಗೂ ಥ್ಯಾಂಕ್ಸ್. ಬಯೋಸ್‌ನಲ್ಲಿ ನಿಜವಾಗಿಯೂ ಯುಎಸ್‌ಬಿಯೇ ಮೊದಲಿತ್ತು, ಬದಲಾಯಿಸಿದೆ. ಬೇಕಂತಲೇ ಪೆನ್‌ಡ್ರೈವ್ ಸಿಕ್ಕಿಸಿ ಆನ್ ಮಾಡಿ ನೋಡಿದೆ, ನೇರ ವಿಂಡೋಸ್ ಬಂತು. ಡಿಸ್ಕ್ ಎಜೆಕ್ಟ್ ಮಾಡಿ ಬೀರುವಿನಲ್ಲಿ ಇಡುತ್ತೇನೆ, ಇನ್ನೊಂದೂ ತರಬೇಕು. ಡಾಂಗಲ್ ಏನು ಮಾಡಲಿ? ಮತ್ತೆ ಮಧ್ಯಾಹ್ನ ಊಟಕ್ಕೆ ಹೋಗುವಾಗ ಸ್ಲೀಪ್ ಹಾಕುತ್ತೇನೆ, ಆಗಲೂ ಡಿಸ್ಕ್ ಕೀಳಬಹುದಾ?

ಹಳೇ_ಮದರ್‌ಬೋರ್ಡ್

ಡಾಂಗಲ್ ಅಲ್ಲೇ ಇರಲಿ. ಸಾಮಾನ್ಯ ಯುಎಸ್‌ಬಿ ಪೋರ್ಟಿನ ಲೆಕ್ಕವೇ 1500 ಸಲ ಸಿಕ್ಕಿಸಿ ತೆಗೆಯುವುದಕ್ಕೆ, ದಿನಾ ಮಾಡಿದರೆ ನಾಲ್ಕು ವರ್ಷದ ಮೇಲೆ ಸ್ವಲ್ಪ. ಕಳೆದುಹೋದರೆ ಬೇರೆ ತಾಪತ್ರಯ. ಸಿಡಿಲಿನ ಭಯ ಇದ್ದರೆ ಗೋಡೆಯ ಪ್ಲಗ್ ಕೀಳಿ, ಡಾಂಗಲ್ ಅಲ್ಲ.

ಸ್ಲೀಪ್‌ನಲ್ಲಿ ಮಾತ್ರ ಡಿಸ್ಕ್ ಮುಟ್ಟಬೇಡಿ. ಅಲ್ಲಿ ಯಾವುದೂ ಮುಚ್ಚಿರುವುದಿಲ್ಲ, ಆ ಡಿಸ್ಕಿನಲ್ಲಿದ್ದ ಕೋರಲ್‌ಡ್ರಾ ಫೈಲ್ ತೆರೆದೇ ಇರುತ್ತದೆ. ಕಿತ್ತು ಬೇರೆ ಕಂಪ್ಯೂಟರಿನಲ್ಲಿ ಅದನ್ನೇ ತಿದ್ದಿ ತಂದು ಹಾಕಿದಿರೋ, ಯಾವ ಲಗ್ನಪತ್ರಿಕೆಯಲ್ಲಿ ಯಾರ ಹೆಸರು ಉಳಿಯುತ್ತದೋ ಹೇಳಲಾಗದು. ಎಜೆಕ್ಟ್ ಮಾಡಿ, ಆಮೇಲೆ ಸ್ಲೀಪ್ ಹಾಕಿ.