ತಾರತಮ್ಯ, ಹದಿಹರೆಯ ಮತ್ತು ಕಾರ್ಟಿಸಾಲ್: ಒಂದು ಚರ್ಚೆ

ಜಯನಗರದ ಶಿಕ್ಷಕಿ: ನಮ್ಮ ಒಂಬತ್ತನೇ ತರಗತಿಯಲ್ಲಿ ಮಣಿಪುರದಿಂದ ಬಂದ ಹುಡುಗನೊಬ್ಬನಿದ್ದಾನೆ. ಹಾಜರಿಯಲ್ಲಿ ಅವನ ಹೆಸರು ಬಂದೊಡನೆ ಹಿಂದಿನ ಬೆಂಚಿನಿಂದ ‘ಚೈನಾ’ ಎಂಬ ಕೂಗು ಏಳುತ್ತದೆ. ಅವನು ಮೊದಲ ಪೀರಿಯಡ್ಡಿನಲ್ಲಿ ತೂಕಡಿಸಿದರೆ ಸಹೋದ್ಯೋಗಿಗಳು ಸೋಮಾರಿ ಎನ್ನುತ್ತಾರೆ. ಇಂಥ ಅವಮಾನಕ್ಕೂ ಒತ್ತಡದ ಹಾರ್ಮೋನಿಗೂ ನಂಟಿದೆ ಎಂಬ ಮಾತನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಶರೀರಕ್ರಿಯಾಶಾಸ್ತ್ರದ ವಿದ್ಯಾರ್ಥಿನಿ: ನಂಟಿದೆ, ಆದರೆ ಒತ್ತಡ ಹೆಚ್ಚಿದಷ್ಟೂ ಕಾರ್ಟಿಸಾಲ್ ಎಂಬ ಆ ಹಾರ್ಮೋನು ಹೆಚ್ಚುತ್ತದೆ ಎಂಬಷ್ಟು ಸರಳವಲ್ಲ. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಸ್ರವಿಸುವ ಇದು ಎದ್ದ ಅರ್ಧ ಗಂಟೆಯ ಸುಮಾರಿಗೆ ತುದಿಗೇರಿ, ಹಗಲೆಲ್ಲ ಇಳಿಯುತ್ತ, ಮಲಗುವ ಹೊತ್ತಿಗೆ ತೀರ ಕಡಿಮೆಯಾಗಬೇಕು. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಎಮ್ಮಾ ಆಡಮ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನವು ಅಮೆರಿಕದ ಕಪ್ಪು ಮತ್ತು ಬಿಳಿ ಜನಾಂಗದ 112 ಮಂದಿಯನ್ನು 12ನೇ ವಯಸ್ಸಿನಿಂದ 20 ವರ್ಷಗಳ ಕಾಲ ಗಮನಿಸಿತ್ತು. ತಾರತಮ್ಯವನ್ನು ಹೆಚ್ಚು ಉಂಡವರಲ್ಲಿ ಹಗಲಿನ ಈ ಇಳಿತವೇ ಮಂದವಾಗಿತ್ತು. ಹದಿಹರೆಯದಲ್ಲಿ ಉಂಡದ್ದರ ಪ್ರಭಾವ ವಿಶೇಷವಾಗಿ ಎದ್ದು ಕಂಡಿತು.

ಬಸವನಗುಡಿಯ ನಿವೃತ್ತ ಇಂಜಿನಿಯರ್: ಕೇವಲ 112 ಮಂದಿ, ಅದೂ ಅವರವರೇ ಹೇಳಿಕೊಂಡ ತಾರತಮ್ಯ! ಬಡತನ, ನಿದ್ದೆಗೇಡು, ರಾತ್ರಿಯಿಡೀ ಮೊಬೈಲು, ಇವೂ ಆ ಲಯವನ್ನು ಕೆಡಿಸುವುದಿಲ್ಲವೇ? ನಮ್ಮನ್ನೂ ಶಾಲೆಯಲ್ಲಿ ಆಡಿಕೊಳ್ಳುತ್ತಿದ್ದರು, ನಾವು ಗಟ್ಟಿಯಾದೆವು.

ವಿದ್ಯಾರ್ಥಿನಿ: ಆಕ್ಷೇಪ ನ್ಯಾಯವಾದದ್ದೇ, ಸರ್. ಇಂಥ ಅಧ್ಯಯನ ಸಂಬಂಧವನ್ನು ತೋರಿಸುತ್ತದೆಯೇ ಹೊರತು ಕಾರಣವನ್ನು ಸಾಬೀತುಪಡಿಸುವುದಿಲ್ಲ. ಮೆಕ್ಸಿಕನ್ ಮೂಲದ ಹದಿಹರೆಯದವರ ಕುರಿತ 2012ರ ಅಧ್ಯಯನವೊಂದರಲ್ಲಿ ತಾರತಮ್ಯವನ್ನು ಹೆಚ್ಚು ಉಂಡವರಲ್ಲಿ ದಿನದ ಒಟ್ಟು ಕಾರ್ಟಿಸಾಲ್ ಹೆಚ್ಚಾಗಿಯೇ ಕಂಡಿತ್ತು. ಅಂದರೆ ಚಿತ್ರ ಎಲ್ಲೆಡೆ ಒಂದೇ ಅಲ್ಲ. ಆದರೆ ‘ಅವರೇ ಹೇಳಿಕೊಂಡದ್ದು’ ಎನ್ನಲಾಗದ ಪ್ರಯೋಗ ನಮ್ಮ ದೇಶದಲ್ಲೇ ನಡೆದಿದೆ. ಅರ್ಥಶಾಸ್ತ್ರಜ್ಞೆಯರಾದ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದ ಹಳ್ಳಿಯ ಹುಡುಗರಿಗೆ ದಾರಿ ಹುಡುಕುವ ಒಗಟುಗಳನ್ನು ಕೊಟ್ಟಿದ್ದರು. ಜಾತಿಯನ್ನು ಎಲ್ಲರೆದುರು ಹೇಳದಿದ್ದಾಗ ದಲಿತ ಹುಡುಗರು ಇತರರಿಗೆ ಸರಿಸಮನಾಗಿ ಬಿಡಿಸಿದರು, ಹೇಳಿದಾಗ ಹಿಂದೆ ಬಿದ್ದರು. ಅಲ್ಲಿ ಹಾರ್ಮೋನನ್ನು ಅಳೆದಿರಲಿಲ್ಲ, ನಿಜ. ಆದರೆ ಗಟ್ಟಿಯಾದ ಲಕ್ಷಣವಂತೂ ಅಲ್ಲಿ ಕಾಣಲಿಲ್ಲ.

ಶಿವಾಜಿನಗರದ ತಂದೆ: ಹಿರಿಯರೇ, ನಿಮ್ಮನ್ನು ಆಡಿಕೊಂಡವರು ಬಹುಶಃ ಸಂಜೆಗೆ ನಿಮ್ಮ ಮನೆಯ ಜಗಲಿಯಲ್ಲೇ ಕೂತಿರುತ್ತಿದ್ದರು. ನನ್ನ ಮಗಳು ಶಾಲೆಯಲ್ಲಿ ಊಟದ ಡಬ್ಬಿಯ ಮುಚ್ಚಳವನ್ನು ಪೂರ್ತಿ ತೆಗೆಯುವುದಿಲ್ಲ. ಒಂದು ಅಂಚನ್ನು ಮಾತ್ರ ಎತ್ತಿ, ಬೆರಳಿಗೆ ಸಿಕ್ಕಷ್ಟನ್ನು ಉಣ್ಣುತ್ತಾಳೆ. ನಮ್ಮ ಹೆಸರು ಕೇಳಿದ ಮೇಲೆ ‘ಮನೆ ಆಗಲೇ ಬಾಡಿಗೆಗೆ ಹೋಯಿತು’ ಎಂದದ್ದನ್ನು ಅವಳು ನನ್ನ ಪಕ್ಕದಲ್ಲೇ ನಿಂತು ಕೇಳಿದ್ದಾಳೆ. ಯಾರೂ ಏನೂ ಅನ್ನದ ದಿನವೂ ಅವಳು ಕಾಯುತ್ತಲೇ ಇರುತ್ತಾಳೆ.

ವಿದ್ಯಾರ್ಥಿನಿ: ಆ ಕಾಯುವಿಕೆಯೇ ಇಲ್ಲಿ ಮುಖ್ಯ. ಬೆದರಿಕೆ ಎದುರಿಗಿಲ್ಲದಾಗಲೂ ಅದರ ನಿರೀಕ್ಷೆಯೊಂದೇ ಮಿದುಳಿನ ಹೈಪೊಥಲಾಮಸ್‌ನಿಂದ ಅಡ್ರಿನಲ್ಲಿನವರೆಗಿನ, ಕಾರ್ಟಿಸಾಲ್ ಹೊರಡಿಸುವ ವ್ಯವಸ್ಥೆಯನ್ನು ಎಚ್ಚರದಲ್ಲಿಡಬಲ್ಲದು.

ನಿವೃತ್ತ ಇಂಜಿನಿಯರ್: ಬಾಡಿಗೆ ಮನೆಯ ಮಾತನ್ನು ಅಲ್ಲಗಳೆಯಲಾರೆ, ನಮ್ಮ ಬೀದಿಯಲ್ಲೂ ಅದು ನಡೆಯುತ್ತದೆ. ಆದರೆ ನಾಳೆ ಯಾವುದೋ ಶಾಲೆ ಕಾರ್ಟಿಸಾಲ್ ಅಳೆಯಲೆಂದು ಮಕ್ಕಳ ಜೊಲ್ಲಿನ ಪರೀಕ್ಷೆಗೆ ಹೊರಟು, ಅವಮಾನ ಉಂಡವನಿಗೇ ರೋಗಿಯ ಪಟ್ಟ ಕಟ್ಟಿದರೆ?

ವಿದ್ಯಾರ್ಥಿನಿ: ಅದು ಖಂಡಿತ ಬೇಡ. ದಿನಕ್ಕೆ ಹಲವು ಬಾರಿಯಂತೆ ಕೆಲವು ದಿನ ಮಾದರಿ ತೆಗೆದು ಗುಂಪುಗಳನ್ನು ಹೋಲಿಸಲು ಈ ಅಳತೆ ಸರಿ. ಒಬ್ಬ ಹುಡುಗ ಅವಮಾನ ಉಂಡಿದ್ದಾನೆಯೇ ಎಂದು ಅದರಿಂದ ಹೇಳಲಾಗದು.

ಜಯನಗರದ ಶಿಕ್ಷಕಿ: ಹಾಗಾದರೆ ಮುಂದಿನ ಸ್ಟಾಫ್ ಮೀಟಿಂಗಿನಲ್ಲಿ ನಾನು ಅವನ ತೂಕಡಿಕೆಯ ಬದಲು ಹಿಂದಿನ ಬೆಂಚಿನ ಕೂಗನ್ನೇ ಪ್ರಸ್ತಾಪಿಸುತ್ತೇನೆ. ಕೂಗಿದವರ ಮನೆಯವರನ್ನು ಕರೆಸಬೇಕೆಂದರೆ ಎಷ್ಟು ಮಂದಿ ಜೊತೆಗೆ ನಿಲ್ಲುತ್ತಾರೋ, ನೋಡಬೇಕು.